ಮೂವರು ಆಡುವ ಚದುರಂಗ: ಮಣೆ ಮಾಡಿದ್ದು, ನಿಯಮ ಕಟ್ಟಿದ್ದು

ಜೂನ್ 8, ರವಿವಾರ. ಶುರು ಮಾಡಿದ್ದು

ಧಾರವಾಡದ ನಮ್ಮ ಮನೆಯಲ್ಲಿ ಚದುರಂಗ ಆಡುವವರು ಮೂವರು. ಅಪ್ಪ, ನಾನು, ಒಂಬತ್ತನೇ ತರಗತಿಯ ಮಗಳು. ಇಬ್ಬರು ಆಡುವಾಗ ಒಬ್ಬರು ಸುಮ್ನೆ ಕೂರಬೇಕು. ಹಾಗೆ ಕೂರುವುದು ಹೆಚ್ಚಾಗಿ ಮಗಳೇ. ಇವತ್ತು ಮಳೆ ಹಿಡಿದುಕೊಂಡು ಹೊರಗೆ ಹೋಗಲು ಆಗಲಿಲ್ಲ. ಮೂರನೇ ಆಟಕ್ಕೂ ಅವಳ ಪಾಳಿ ಬರಲಿಲ್ಲ. "ಅಜ್ಜಾ, ನಾ ಮತ್ತ ಕುಂತ ನೋಡಬೇಕೇನು?" ಅಂದಳು. ಮೂವರೂ ಒಟ್ಟಿಗೆ ಆಡುವ ಮಣೆ ಮಾಡೋಣ ಎಂದು ಆಗಲೇ ತೀರ್ಮಾನಿಸಿದೆವು.

ಮೊದಲು ನನ್ನ ತಲೆಯಲ್ಲಿದ್ದದ್ದು ಜೇನುಗೂಡಿನಂಥ ಮನೆಗಳ ಮಣೆ. ಪೋಲೆಂಡಿನ ವ್ಲಾಡಿಸ್ಲಾವ್ ಗ್ಲಿನ್‌ಸ್ಕಿ 1936ರಲ್ಲಿ ಅಂಥದ್ದೊಂದು ಆಟ ಮಾಡಿದ್ದ. 91 ಮನೆ, ಮೂರು ಬಣ್ಣ, ಒಬ್ಬೊಬ್ಬರಿಗೆ ಮೂರು ಒಂಟೆ. ಒಂದು ಗಂಟೆ ಕೂತು ಅರ್ಧ ಗೀಚಿದ ಮೇಲೆ ಗೊತ್ತಾಯಿತು, ಅದನ್ನೂ ಆಡುವವರು ಇಬ್ಬರೇ. ಅದನ್ನು ಬಿಟ್ಟೆ.

ನಮಗೆ ಬೇಕಾದದ್ದು 96 ಮನೆಯ ಮಣೆ. ಮಾಮೂಲಿ ಮಣೆಯಲ್ಲಿ ಒಬ್ಬೊಬ್ಬರ ಪಾಲಿಗೆ ನಾಲ್ಕು ಸಾಲು, ಸಾಲಿಗೆ ಎಂಟು ಮನೆ, ಅಂದರೆ 32 ಮನೆ ಬರುತ್ತವೆ ಅಲ್ವಾ? ಅಂಥ ಮೂರು ಅರ್ಧಗಳನ್ನು ಒಂದು ಷಟ್ಕೋನದೊಳಗೆ ಕೂಡಿಸಬೇಕು. ಷಟ್ಕೋನದ ಒಂದು ಬಿಟ್ಟು ಒಂದು ಅಂಚಿಗೆ ಒಬ್ಬೊಬ್ಬರು ಕೂರುತ್ತಾರೆ.

ಜೂನ್ 10ರಿಂದ 14. ಗೆರೆ ಎಳೆದದ್ದು, ನಾಲ್ಕು ಸಲ ಕೆಟ್ಟದ್ದು

ಮೊದಲ ತಪ್ಪು ಅಳತೆಯದ್ದು. ರಟ್ಟಿನ ಮೇಲೆ ಅಂಚು 240 ಮಿಲಿಮೀಟರ್ ಇಟ್ಟು ಷಟ್ಕೋನ ಬರೆದೆ. ಅಂಚಿಗೆ ಎಂಟು ಮನೆ ಅಂದರೆ ಒಂದು ಮನೆಗೆ 30 ಮಿಲಿಮೀಟರ್. ನಮ್ಮ ರಾಜನ ಬುಡ ಅಳೆದರೆ 32. ಕಾಯಿ ಅಳೆದು ಆಮೇಲೆ ಮಣೆ ಬರೆಯಬೇಕಿತ್ತು. ಅಂಚನ್ನು 320ಕ್ಕೆ ಏರಿಸಿದೆ. ಆಗ ಹಿಂದಿನ ಸಾಲಿನ ಮನೆ 40 ಮಿಲಿಮೀಟರ್ ಆಯಿತು.

ಎರಡನೆಯದು ದಾರದ್ದು. ಅಷ್ಟು ದೊಡ್ಡ ಕೈವಾರ ಮನೆಯಲ್ಲಿಲ್ಲ. ಮೊಳೆಗೆ ದಾರ ಕಟ್ಟಿ, ಪೆನ್ಸಿಲ್ ಸಿಕ್ಕಿಸಿ ವೃತ್ತ ಎಳೆದೆ. ಅದೇ ಉದ್ದವನ್ನು ವೃತ್ತದ ಮೇಲೆ ಆರು ಸಲ ಇಟ್ಟರೆ ಶುರುವಾದ ಜಾಗಕ್ಕೇ ಬರಬೇಕು. ಬರಲಿಲ್ಲ, 9 ಮಿಲಿಮೀಟರ್ ತಪ್ಪಿತು. ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ನೋಡಿದ ಕೂಡಲೇ ಹೇಳಿದರು: "ತಮ್ಮಾ, ದಾರ ಜಗ್ಗತೈತಿ. ಕಟಗಿ ಪಟ್ಟಿ ತಗೋ." ತೆಳ್ಳನೆ ಕಟ್ಟಿಗೆ ಪಟ್ಟಿಗೆ 320 ಮಿಲಿಮೀಟರ್ ಅಂತರದಲ್ಲಿ ಎರಡು ತೂತು ಹಾಕಿದರು. ಒಂದರಲ್ಲಿ ಮೊಳೆ, ಇನ್ನೊಂದರಲ್ಲಿ ಪೆನ್ಸಿಲ್. ಈ ಸಲ ಆರನೇ ಗುರುತು ಮೊದಲನೆಯದರ ಮೇಲೆಯೇ ಕೂತಿತು.

ಮೂರನೇ ತಪ್ಪು ದೊಡ್ಡದು, ಎರಡು ಸಂಜೆ ತಿಂದಿತು. ಷಟ್ಕೋನದ ನಡುಬಿಂದುವಿನಿಂದ ಪ್ರತಿ ಅಂಚಿನ ನಟ್ಟನಡುವಿಗೆ ಗೆರೆ ಎಳೆದರೆ ಗಾಳಿಪಟದ ಆಕಾರದ ಆರು ತುಂಡು ಬರುತ್ತವೆ. ಒಂದೊಂದು ತುಂಡಿನಲ್ಲಿ 16 ಮನೆ. ಇಲ್ಲಿಯವರೆಗೆ ಸರಿ ಇತ್ತು. ನಡುಗೆರೆಯ ಉದ್ದ 277 ಮಿಲಿಮೀಟರ್. ಅದನ್ನು ನಾಲ್ಕು ಮಾಡಿ, 69.3 ಮಿಲಿಮೀಟರಿಗೊಂದರಂತೆ ಅಂಚಿಗೆ ಸಮಾನಾಂತರವಾಗಿ ಗೆರೆ ಎಳೆದೆ. ಆ ಗೆರೆ ಪಕ್ಕದ ಅಂಚನ್ನು ಮೂಲೆಯಿಂದ 80 ಮಿಲಿಮೀಟರಿಗೆ ಮುಟ್ಟಿತು. ಅಲ್ಲಿ ನನಗಿರುವ ಜಾಗವೇ 160. ಅಂದರೆ ಎರಡೇ ಗೆರೆಗೆ ಆ ಕಡೆ ಮುಗಿದೇ ಹೋಯಿತು, ನಾಲ್ಕು ಮನೆ ಹಿಡಿಯುವುದು ಹೇಗೆ?

ಸರಿಯಾದ ದಾರಿ ಇದು. ಸಮಾನಾಂತರದ ಮಾತೇ ಬಿಡಿ. ಗಾಳಿಪಟದ ನಾಲ್ಕೂ ಬದಿಗಳನ್ನು ಒಂದೊಂದಾಗಿ ನಾಲ್ಕು ಸಮಭಾಗ ಮಾಡಿ. ಹೊರಗಿನ ಎರಡು ಬದಿಗಳಲ್ಲಿ ಒಂದು ಭಾಗ 40 ಮಿಲಿಮೀಟರ್, ಒಳಗಿನ ಎರಡರಲ್ಲಿ 69.3. ಈಗ ಎದುರುಬದುರಾದ ಗುರುತುಗಳನ್ನು ಸ್ಟೀಲ್ ಪಟ್ಟಿ ಇಟ್ಟು ಕೂಡಿಸಿ. ಎಲ್ಲ ಗೆರೆಯೂ ನೇರವೇ ಬರುತ್ತವೆ, ಮನೆಗಳು ಮಾತ್ರ ಓರೆ. ಮೂಲೆಯ ಮನೆ ಎಲ್ಲಕ್ಕಿಂತ ಚಿಕ್ಕದು. ಆದರೂ ಅದರೊಳಗೆ 40 ಮಿಲಿಮೀಟರಿನ ದುಂಡು ಬುಡ ಕೂರುತ್ತದೆ. ನಡುವಿನ ಮನೆಗಳು ಬೇಕಾದ್ದಕ್ಕಿಂತ ದೊಡ್ಡವು.

ನಾಲ್ಕನೆಯದು ಬಣ್ಣದ ತಪ್ಪು. ಒಂದು ಗಾಳಿಪಟಕ್ಕೆ ಕರಿ, ಬಿಳಿ ಗುರುತು ಹಾಕಿ, ಉಳಿದ ಐದಕ್ಕೂ ಅದನ್ನೇ ನಕಲು ಮಾಡಿದೆ. ನಡುಬಿಂದುವಿನ ಸುತ್ತ ಇರುವ ಆರೂ ಮನೆ ಕರಿಯಾಗಿ ಕೂತವು. ಅಕ್ಕಪಕ್ಕದ ಗಾಳಿಪಟಗಳಲ್ಲಿ ಬಣ್ಣ ತಿರುವುಮುರುವು ಇರಬೇಕು. ನಡುವಿನ ಆರು ಮನೆ ಒಂದು ಕರಿ, ಒಂದು ಬಿಳಿ ಎಂದು ಬಂದರೆ ಉಳಿದದ್ದೆಲ್ಲ ಸರಿ ಎಂದೇ ಲೆಕ್ಕ. ಆಗ ಒಬ್ಬರಿಗೆ ಬಲಗೈ ಮೂಲೆಯ ಮನೆ ಬಿಳಿಯಾಗುವಂತೆ ಕೂತರೆ ಮೂವರಿಗೂ ಹಾಗೇ ಬರುತ್ತದೆ, ಮಾಮೂಲಿ ಮಣೆಯ ಹಾಗೆಯೇ.

ಜೂನ್ 15, ರವಿವಾರ. ರಟ್ಟಿನ ಮೇಲೆ ನಡೆ ನೋಡಿದ್ದು

ಪ್ಲೈವುಡ್‌ಗೆ ದುಡ್ಡು ಹಾಕುವ ಮೊದಲು ರಟ್ಟಿನ ಮೇಲೆಯೇ ಗುಂಡಿ, ಹುಣಸೆಬೀಜ ಇಟ್ಟು ನಡೆಸಿದೆವು. ಈ ದಿನದಿಂದ ಬಹಳ ಲಾಭವಾಯಿತು.

ಆನೆಗೆ ಏನೂ ತೊಂದರೆ ಇಲ್ಲ. ಮನೆಯ ಒಂದು ಬದಿಯಿಂದ ಒಳಗೆ ಬಂದರೆ ಎದುರು ಬದಿಯಿಂದ ಹೊರಗೆ ಹೋಗುತ್ತದೆ. ಗೆರೆ ಬಾಗಿದರೆ ಆನೆಯೂ ಬಾಗುತ್ತದೆ. ನನ್ನ ಎಡಗಡೆಯ ನಾಲ್ಕು ಕಂಬಸಾಲುಗಳು (ನನ್ನಿಂದ ಮುಂದಕ್ಕೆ ಹೋಗುವ ಸಾಲುಗಳು) ಎಡಗಡೆ ಆಟಗಾರನ ಹಿಂದಿನ ಸಾಲಿಗೆ ಹೋಗುತ್ತವೆ, ಬಲಗಡೆಯ ನಾಲ್ಕು ಬಲಗಡೆಯವನ ಹಿಂದಿನ ಸಾಲಿಗೆ. ಯಾವ ಕಡೆ ಹೋದರೂ ಎಂಟೇ ಮನೆ.

ಒಂಟೆ ನಡುಬಿಂದುವಿಗೆ ಬಂದಾಗ ಜಗಳ ಶುರುವಾಯಿತು. ಮಾಮೂಲಿ ಮಣೆಯಲ್ಲಿ ಒಂದು ಮೂಲೆಗೆ ನಾಲ್ಕು ಮನೆ ಕೂಡುತ್ತವೆ, ದಾಟಿದರೆ ಎದುರಿಗೆ ಒಂದೇ ಮನೆ. ಇಲ್ಲಿ ನಡುವಿನಲ್ಲಿ ಆರು ಮನೆ ಕೂಡುತ್ತವೆ. ದಾಟಿದರೆ ಅದೇ ಬಣ್ಣದ ಎರಡು ಮನೆ ಕಾಣುತ್ತವೆ. ಎರಡರಲ್ಲಿ ಯಾವುದನ್ನಾದರೂ ಆಯ್ದುಕೊಳ್ಳಬಹುದು ಎಂದು ನಿಯಮ ಮಾಡಿದೆವು. ಮಂತ್ರಿ ಓರೆಯಾಗಿ ಹೋಗುವಾಗಲೂ ಅದೇ. ನಡುವಿನ ಮನೆಯಲ್ಲಿ ನಿಂತ ಪೇದೆಗೂ ಅದೇ. ಅದಕ್ಕೆ ಹೊಡೆಯಲು ಎರಡರ ಬದಲು ಮೂರು ಮನೆ ಸಿಗುತ್ತವೆ. ಹಾಗೆ ಹೊಡೆದು ಬೇರೆಯವರ ಪಾಲಿಗೆ ಹೋದ ಪೇದೆಗೆ ಮುಂದಿನ ದಿಕ್ಕು ಯಾವುದು? ಯಾರ ಪಾಲಿನಲ್ಲಿ ನಿಂತಿದೆಯೋ ಅವರ ಹಿಂದಿನ ಸಾಲಿನ ಕಡೆ. ಇದನ್ನು ಮೊದಲೇ ಹೇಳಿಕೊಳ್ಳದಿದ್ದರೆ ಆಟದ ನಡುವೆ ನಿಂತುಬಿಡುತ್ತೀರಿ.

ಕುದುರೆಗೆ ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ. ಇಲ್ಲವೇ ಒಂದು ನೇರ, ಎರಡು ಪಕ್ಕಕ್ಕೆ. ಮಾಮೂಲಿ ಮಣೆಯಲ್ಲಿ ಈ ಎರಡೂ ದಾರಿ ಒಂದೇ ಮನೆಗೆ ಒಯ್ಯುತ್ತವೆ. ಇಲ್ಲಿ ನಡುವಿನ ಹತ್ತಿರ ಬೇರೆ ಬೇರೆ ಮನೆಗೆ ಒಯ್ಯುತ್ತವೆ. ಎರಡನ್ನೂ ಒಪ್ಪಿಕೊಂಡೆವು. ಹುಣಸೆಬೀಜ ಇಟ್ಟು ಎಣಿಸಿದರೆ ನಡುವಿನ ಮನೆಯ ಕುದುರೆಗೆ 10 ಮನೆ ಸಿಕ್ಕವು. ಮಾಮೂಲಿ ಮಣೆಯಲ್ಲಿ ಜಾಸ್ತಿ ಅಂದರೆ 8.

ಕಾಯಿ ಇಡುವ ಕ್ರಮವೂ ಅವತ್ತೇ ಗಟ್ಟಿಯಾಯಿತು. ಮೂವರೂ ಮಂತ್ರಿಯನ್ನು ಬಿಳಿ ಮನೆಯಲ್ಲಿ, ರಾಜನ ಎಡಕ್ಕೆ ಇಡಬೇಕು. ಹಾಗೆ ಇಟ್ಟರೆ ನನ್ನ ಮಂತ್ರಿಯ ಎದುರಿಗೆ ಎಡಗಡೆಯವನ ರಾಜ ಬರುತ್ತಾನೆ. ನನ್ನ ರಾಜನ ಎದುರಿಗೆ ಬಲಗಡೆಯವನ ಮಂತ್ರಿ. ಮೂವರಿಗೂ ಒಂದೇ ಲಾಭ, ಒಂದೇ ಭಯ. ಇದು ನನಗೆ ಬಹಳ ಹಿಡಿಸಿತು.

ಜೂನ್ 18ರಿಂದ 21. ಕಟ್ಟಿಗೆ ಕೆಲಸ

ಹುಬ್ಬಳ್ಳಿಯಲ್ಲಿ ಪ್ಲೈವುಡ್ ಅಂಗಡಿಯಲ್ಲಿ 12 ಮಿಲಿಮೀಟರ್ ದಪ್ಪದ, ಎರಡು ಅಡಿಗೆ ಎರಡೂವರೆ ಅಡಿಯ ಉಳಿಕೆ ತುಂಡು 320 ರೂಪಾಯಿಗೆ ಸಿಕ್ಕಿತು. ಸಾದಾ 303 ದರ್ಜೆಯದು, ಮನೆಯೊಳಗಿನ ಬಳಕೆಗೆ ಆಗುವಂಥದ್ದು. ಚಿಗರಿ ಬಸ್ಸಿನಲ್ಲಿ ಕಾಲ ಸಂದಿಯಲ್ಲಿ ನಿಲ್ಲಿಸಿಕೊಂಡು ಬಂದೆ.

ಆಟದ ಜಾಗದ ಸುತ್ತ ಸ್ವಲ್ಪ ಅಂಚು ಬೇಕು. ನಡುವಿನಿಂದ ಮೂಲೆಗೆ 338 ಮಿಲಿಮೀಟರ್ ಇಟ್ಟು ಹೊರಗೆರೆ ಎಳೆದು, ಕೈಗರಗಸದಿಂದ ಗೆರೆಯ ಹೊರಗೆ 2 ಮಿಲಿಮೀಟರ್ ಬಿಟ್ಟು ಕೊಯ್ದೆ. ಕೊಯ್ಯುವ ಗೆರೆಯ ಮೇಲೆ ಟೇಪ್ ಹಚ್ಚಿದ ಕಡೆ ಚೆಕ್ಕೆ ಏಳಲಿಲ್ಲ. ಟೇಪ್ ಹಚ್ಚಲು ಮರೆತ ಒಂದು ಅಂಚಿನಲ್ಲಿ ಎದ್ದಿತು, ಪುಟ್ಟಿ ತುಂಬಬೇಕಾಯಿತು. ಉಳಿದ 2 ಮಿಲಿಮೀಟರನ್ನು ಪಾಲಿಶ್ ಪೇಪರಿನಲ್ಲಿ ತಿಕ್ಕಿ ತೆಗೆದೆ, ಮೊದಲು 120, ಆಮೇಲೆ 220 ನಂಬರಿನದ್ದು.

ಜೂನ್ 22ರಿಂದ 30. ಬಣ್ಣ, ಮತ್ತು ಮಣೆ ಬಾಗಿದ್ದು

ಪ್ರೈಮರ್ ಒಂದು ಕೈ, ಕೆನೆಬಣ್ಣದ ಎನಾಮಲ್ ಎರಡು ಕೈ. ಆಮೇಲೆ ಗೆರೆ ಎಳೆದು, ಟೇಪ್ ಹಚ್ಚಿ, 48 ಮನೆಗೆ ಕಂದು ಬಣ್ಣ. ಒಂದು ಸಂಜೆಗೆ ಎರಡು ಗಾಳಿಪಟ, ಅಂದರೆ 16 ಮನೆ. ಮೂರು ಸಂಜೆಗೆ ಮುಗಿಯಿತು.

ಮೊದಲ ಸಂಜೆಯ 16 ಮನೆ ಕೆಟ್ಟವು. ಟೇಪಿನ ಕೆಳಗೆ ಕಂದು ಬಣ್ಣ ಹರಿದು ಅಂಚು ಹಲ್ಲುಹಲ್ಲಾಯಿತು. ಮರುದಿನ ಪೂರ್ತಿ ಒಣಗಿದ ಮೇಲೆ ಟೇಪ್ ಕಿತ್ತೆ, ಕೆನೆಬಣ್ಣವೂ ಅದರ ಜೊತೆ ಎದ್ದು ಬಂತು. ಎರಡಕ್ಕೂ ಪರಿಹಾರ ಸಿಕ್ಕಿತು. ಟೇಪ್ ಹಚ್ಚಿದ ಮೇಲೆ ಅದರ ಅಂಚಿಗೆ ಮೊದಲು ಕೆನೆಬಣ್ಣವನ್ನೇ ತೆಳ್ಳಗೆ ಸವರಬೇಕು. ಸಂದಿಯೊಳಗೆ ಹೋಗುವುದಿದ್ದರೆ ಅದೇ ಹೋಗಿ ಸಂದಿ ಮುಚ್ಚುತ್ತದೆ. ಅದು ಒಣಗಿದ ಮೇಲೆ ಕಂದು ಹಚ್ಚಬೇಕು. ಕಂದು ಇನ್ನೂ ಅಂಟಂಟು ಇರುವಾಗಲೇ ಟೇಪನ್ನು ನಿಧಾನ ಕೀಳಬೇಕು. ಉಳಿದ 32 ಮನೆ ಕತ್ತರಿಸಿಟ್ಟಂತೆ ಬಂದವು. ಕೆಟ್ಟ 16ನ್ನು ತಿಕ್ಕಿ ಮತ್ತೆ ಮಾಡಿದೆ.

ಜೂನ್ 28ಕ್ಕೆ ಮಣೆಯನ್ನು ಟೇಬಲ್ ಮೇಲಿಟ್ಟರೆ ಅಲ್ಲಾಡುತ್ತಿತ್ತು. ಒಂದು ಮೂಲೆ 6 ಮಿಲಿಮೀಟರ್ ಎದ್ದಿತ್ತು. ತಪ್ಪು ಪೂರ್ತಿ ನನ್ನದೇ. ಮೇಲಿನ ಮುಖಕ್ಕೆ ನಾಲ್ಕೈದು ಕೈ ಬಣ್ಣ, ಕೆಳಗಿನ ಮುಖ ಬರೀ ಕಟ್ಟಿಗೆ. ನಮ್ಮ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕೆಳಮುಖ ತಂಪು ಹೀರಿಕೊಂಡು ಉಬ್ಬಿತು, ಮೇಲ್ಮುಖ ಉಬ್ಬಲಿಲ್ಲ. ಮೊದಲ ದಿನವೇ ಎರಡೂ ಮುಖಕ್ಕೆ ಪ್ರೈಮರ್ ಹೊಡೆದಿದ್ದರೆ ಇದು ಆಗುತ್ತಿರಲಿಲ್ಲ. ಒಲೆಯ ಹತ್ತಿರ ಒಣಗಿಸಿ, ಕೆಳಮುಖಕ್ಕೆ ಎರಡು ಕೈ ಬಣ್ಣ ಹೊಡೆದು, ಎರಡು ದಿನ ಜೋಳದ ಚೀಲದ ಕೆಳಗೆ ಇಟ್ಟೆ. ಬಾಗು 2 ಮಿಲಿಮೀಟರಿಗೆ ಇಳಿಯಿತು. ಉಳಿದದ್ದನ್ನು ಅಪ್ಪ ಕೆಳಗಡೆ ಎರಡು ಕಟ್ಟಿಗೆ ಪಟ್ಟಿ ಸ್ಕ್ರೂ ಮಾಡಿ ಜಗ್ಗಿ ನೇರ ಮಾಡಿದರು.

ಜುಲೈ 1ರಿಂದ 4. ಮೂರನೇ ಸೈನ್ಯ

190 ರೂಪಾಯಿಯ ಎರಡು ಪ್ಲಾಸ್ಟಿಕ್ ಸೆಟ್ ತಂದೆ. ಎರಡನೇ ಸೆಟ್ಟಿನ ಬಿಳಿ ಕಾಯಿಗಳಿಗೆ ಕೆಂಪು ಎನಾಮಲ್ ಹಚ್ಚಿದೆ. ಮೂರನೇ ದಿನ ಪೇದೆಗಳ ತಲೆಯ ಬಣ್ಣ ಉಗುರಿಗೇ ಎದ್ದು ಬಂತು. ನುಣುಪಾದ ಪ್ಲಾಸ್ಟಿಕ್ಕಿಗೆ ಬಣ್ಣ ಹಿಡಿಯುವುದಿಲ್ಲ. 16 ಕಾಯಿಗಳನ್ನೂ 400 ನಂಬರ್ ಪಾಲಿಶ್ ಪೇಪರಿನಲ್ಲಿ ತಿಕ್ಕಿ, ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಸ್ಪ್ರೇ ಬಣ್ಣ ತೆಳ್ಳಗೆ ಮೂರು ಸಲ ಹೊಡೆದೆ. ಈಗ ನಿಂತಿದೆ.

ಖರ್ಚು: ಪ್ಲೈವುಡ್ 320, ಸೆಟ್ ಎರಡಕ್ಕೆ 380, ಎರಡು ಎನಾಮಲ್ ಡಬ್ಬಿ 170, ಪ್ರೈಮರ್ 110, ಟೇಪ್ 120, ಪಾಲಿಶ್ ಪೇಪರ್ 120, ಕೆಂಪು ಸ್ಪ್ರೇ 220, ದಂಡವಾದ ಕೆಂಪು ಎನಾಮಲ್ 45, ಕಟ್ಟಿಗೆ ಪಟ್ಟಿ ಮತ್ತು ಸ್ಕ್ರೂ 80, ಪುಟ್ಟಿ, ಫೆವಿಕಾಲ್ ಸೇರಿ 60. ಒಟ್ಟು 1,625 ರೂಪಾಯಿ.

ಜುಲೈ 6ರಿಂದ 27. ನಿಯಮ ಕಟ್ಟಿದ್ದು

ಮಣೆ ಮುಗಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ನಿಜವಾದ ಕೆಲಸ ಇಲ್ಲಿತ್ತು. ಕಾಯಿ ಹೇಗೆ ನಡೆಯಬೇಕು ಎನ್ನುವುದು ಒಂದೇ ದಿನದಲ್ಲಿ ತೀರ್ಮಾನವಾಗಿತ್ತು. ಒಬ್ಬರ ರಾಜ ಸಿಕ್ಕಿಬಿದ್ದ ಮೇಲೆ ಏನು ಮಾಡಬೇಕು ಎನ್ನುವುದಕ್ಕೆ ನಾಲ್ಕು ರವಿವಾರ ಬೇಕಾದವು.

ಕೂತ ಕ್ರಮ ಹೇಳಿಬಿಡುತ್ತೇನೆ. ನಾನು ಬಿಳಿ, ನನ್ನ ಎಡಕ್ಕೆ ಅಪ್ಪ ಕೆಂಪು, ಬಲಕ್ಕೆ ಮಗಳು ಕರಿ. ಪಾಳಿ ಎಡಕ್ಕೆ ಸುತ್ತುತ್ತದೆ: ಬಿಳಿ, ಕೆಂಪು, ಕರಿ. ನಾನು ಅಪ್ಪನಿಗೆ ಚೆಕ್ ಕೊಟ್ಟರೆ, ಅಂದರೆ ಅವರ ರಾಜನಿಗೆ ಗುರಿಯಿಟ್ಟರೆ, ಅವರೇ ಮುಂದೆ ಆಡುತ್ತಾರೆ. ಮಗಳಿಗೆ ಕೊಟ್ಟರೆ ನಡುವೆ ಅಪ್ಪನ ಒಂದು ನಡೆ ಇರುತ್ತದೆ. ಆ ಒಂದು ನಡೆಯಲ್ಲಿ ಈ ಆಟದ ಜೀವ ಇದೆ. ಹಾಗಾಗಿ ಚೆಕ್‌ಮೇಟ್ ಆಯಿತೋ ಇಲ್ಲವೋ, ಅಂದರೆ ರಾಜನಿಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲವೋ ಎಂದು ನೋಡುವುದು ಸಿಕ್ಕಿಬಿದ್ದವರ ಪಾಳಿ ಬಂದಾಗಲೇ.

ಜುಲೈ 6. ನಿಯಮ: ಚೆಕ್‌ಮೇಟ್ ಮಾಡಿದವರಿಗೆ ಸೋತವರ ಸೈನ್ಯ ಸೇರುತ್ತದೆ. ನಲವತ್ತು ನಿಮಿಷಕ್ಕೆ ಅಪ್ಪ ಮಗಳನ್ನು ಸೋಲಿಸಿದರು. ಅವಳ ಉಳಿದ ಒಂಬತ್ತು ಕಾಯಿ ಅವರ ಕೈಗೆ ಬಂದವು. ನಾನು ಆರು ನಡೆಯಲ್ಲಿ ಮುಗಿದೆ. ಮೊದಲ ಚೆಕ್‌ಮೇಟಿಗೇ ಎಲ್ಲ ತೀರ್ಮಾನ ಆಗಿಬಿಡುತ್ತದೆ, ಮುಂದಿನದಕ್ಕೆ ಅರ್ಥವಿಲ್ಲ.

ಜುಲೈ 13. ನಿಯಮ: ಸೋತವರ ಕಾಯಿ ಇದ್ದಲ್ಲೇ ಕಲ್ಲಾಗಿ ನಿಲ್ಲುತ್ತವೆ. ನಡೆಯುವುದಿಲ್ಲ, ಚೆಕ್ ಕೊಡುವುದಿಲ್ಲ, ಆದರೆ ಅವನ್ನು ಉಳಿದವರು ಹೊಡೆಯಬಹುದು. ಆಟ ಚೆನ್ನಾಗಿ ಬಂತು. ಕಲ್ಲುಗಳ ಮರೆಯಲ್ಲಿ ರಾಜನನ್ನು ಬಚ್ಚಿಡುವುದು ಒಂದು ಹೊಸ ಬಗೆ. ಆದರೆ ಸೋತದ್ದು ಮತ್ತೆ ಮಗಳು. ಐವತ್ತು ನಿಮಿಷ ಸುಮ್ನೆ ಕೂತಳು. ಯಾವ ತೊಂದರೆ ತೀರಿಸಲು ಈ ಮಣೆ ಮಾಡಿದೆವೋ ಅದೇ ತಿರುಗಿ ಬಂದಿತ್ತು. ನಿಯಮ ಎಷ್ಟು ಚೆನ್ನಾಗಿದ್ದರೂ ನಮ್ಮ ಮನೆಗೆ ಅದು ಬೇಡ.

ಜುಲೈ 20. ನಿಯಮ: ಮೊದಲ ಚೆಕ್‌ಮೇಟಿಗೇ ಆಟ ಮುಗಿಯುತ್ತದೆ. ಮಾಡಿದವರಿಗೆ 2 ಅಂಕ, ಮೂರನೆಯವರಿಗೆ 1, ಸೋತವರಿಗೆ ಸೊನ್ನೆ. ಇದು ನನ್ನದೇ ಸಲಹೆ. ಮೂರು ಆಟ ಆಡಿದೆವು. ಮೂರರಲ್ಲೂ ಯಾರದ್ದಾದರೂ ಸ್ಥಿತಿ ಸ್ವಲ್ಪ ಸಡಿಲವಾದ ಕೂಡಲೇ ಉಳಿದ ಇಬ್ಬರೂ ಅವರ ಮೇಲೆಯೇ ಬಿದ್ದೆವು. ಒಳಒಪ್ಪಂದ ಏನೂ ಇರಲಿಲ್ಲ. ಇನ್ನೊಬ್ಬರು ಸೋತರೆ ಒಂದು ಅಂಕ ಖಾತ್ರಿ, ಹಾಗಿರುವಾಗ ಅವರನ್ನು ಯಾರು ಉಳಿಸುತ್ತಾರೆ? ಆ ಒಂದು ಅಂಕವೇ ಆಟ ಕೆಡಿಸಿತು.

ಜುಲೈ 27. ನಿಯಮ: ಮೊದಲ ಚೆಕ್‌ಮೇಟಿಗೆ ಆಟ ಮುಗಿಯುತ್ತದೆ. ಮಾಡಿದವರಿಗೆ 1, ಉಳಿದ ಇಬ್ಬರಿಗೂ ಸೊನ್ನೆ. ಇಷ್ಟೇ ಬದಲು. ಆಟ ಪೂರ್ತಿ ಬೇರೆಯೇ ಆಯಿತು. ಒಂದು ಗಂಟೆ ಆದ ಮೇಲೆ ನಾನು ಆನೆಯಿಂದ ಮಗಳಿಗೆ ಚೆಕ್ ಕೊಟ್ಟೆ. ಅವಳಿಗೆ ದಾರಿ ಇರಲಿಲ್ಲ. ನಡುವೆ ಅಪ್ಪನ ನಡೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಒಂಟೆಯನ್ನು ನಡುಬಿಂದು ದಾಟಿಸಿ ನನ್ನ ಆನೆಗೂ ಅವಳ ರಾಜನಿಗೂ ನಡುವೆ ತಂದು ಇಟ್ಟರು. ಮಗಳು ಎದ್ದು ನಿಂತುಬಿಟ್ಟಳು. ಅಪ್ಪ ಅವಳಿಗಾಗಿ ಮಾಡಿದ್ದಲ್ಲ, ನಾನು ಗೆದ್ದರೆ ಅವರಿಗೆ ಸೊನ್ನೆ. ಇಬ್ಬರು ಸೇರಿ ಒಬ್ಬರನ್ನು ತುಳಿಯುವುದು ತಾನಾಗೇ ನಿಂತಿತು. ಆ ಆಟ ಒಂದು ಗಂಟೆ ಐವತ್ತು ನಿಮಿಷ ನಡೆಯಿತು, ಮೂವರೂ ಕೊನೆಯ ನಡೆಯವರೆಗೆ ಕೂತಿದ್ದೆವು. ಗೆದ್ದದ್ದು ಮಗಳು.

ಉಳಿದ ನಿಯಮಗಳು ಬೇಗ ಆದವು. ಆಡುವಾಗ ಇನ್ನೊಬ್ಬರಿಗೆ ನಡೆ ಹೇಳುವಂತಿಲ್ಲ, ಕಣ್ಸನ್ನೆಯೂ ಇಲ್ಲ. ತನ್ನ ರಾಜನನ್ನು ಇಬ್ಬರಲ್ಲಿ ಯಾರ ಚೆಕ್ಕಿಗೂ ಒಡ್ಡುವಂತಿಲ್ಲ. ಚೆಕ್ ಇಲ್ಲದೆ ನಡೆಯೂ ಇಲ್ಲದಿದ್ದರೆ ಪಾಳಿ ಮುಂದಕ್ಕೆ ಹೋಗುತ್ತದೆ. ಪೇದೆ ಯಾರ ಹಿಂದಿನ ಸಾಲು ಮುಟ್ಟಿದರೂ ಮಂತ್ರಿಯಾಗುತ್ತದೆ. ಕೋಟೆ ಕಟ್ಟುವುದು (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮಾಮೂಲಿನಂತೆಯೇ. ಇಬ್ಬರ ಕಾಯಿ ಸೇರಿ ಚೆಕ್‌ಮೇಟ್ ಆದರೆ ಕೊನೆಯ ನಡೆ ಯಾರದೋ ಅವರದು ಗೆಲುವು. ಇಷ್ಟನ್ನು ಹಾಳೆಯಲ್ಲಿ ಬರೆದು ಮಣೆಯ ಹಿಂದೆ ಅಂಟಿಸಿದೆ.

ಜುಲೈ 29, ಮಂಗಳವಾರ. ಪಂಚಮಿ

ಹಬ್ಬಕ್ಕೆ ಗದಗಿನಿಂದ ಅಣ್ಣನ ಮನೆಯವರು ಬಂದಿದ್ದರು. ಊಟವಾದ ಮೇಲೆ ಮಣೆ ಹೊರಗೆ ಬಂತು. ಅಣ್ಣನ ಮಗ ಬಿಳಿ, ಅಪ್ಪ ಕೆಂಪು, ಮಗಳು ಕರಿ. ನಾನು ಉಂಡಿ ತಟ್ಟೆ ಹಿಡಿದು ಪಕ್ಕದಲ್ಲಿ ಕೂತೆ.

ಅವನು ಮಂತ್ರಿ ನಡೆಸಿ ಮಗಳ ರಾಜನನ್ನು ಕಟ್ಟಿಹಾಕಿದ. ನಡುವೆ ಅಪ್ಪನ ನಡೆ. ಅಪ್ಪನಿಗೆ ಅವಳನ್ನು ಉಳಿಸಲು ದಾರಿ ಇರಲಿಲ್ಲ. ಅವರು ಬೇರೆ ಕಡೆಯಿಂದ ಆನೆ ತಂದು ಅಣ್ಣನ ಮಗನ ರಾಜನನ್ನೇ ಕಟ್ಟಿದರು, ಅವನಿಗೂ ತಪ್ಪಿಸಿಕೊಳ್ಳಲು ಮನೆ ಇಲ್ಲ. ಈಗ ಪಾಳಿ ಮಗಳದ್ದು, ಅವಳಿಗೆ ನಡೆ ಇಲ್ಲ, ಆಟ ಮುಗಿಯಿತು. ಹಾಳೆ ತಿರುಗಿಸಿ ನೋಡಿದರೆ ಕೊನೆಯ ನಡೆ ಅಪ್ಪನದು. ಆದರೆ ಮಗಳಿಗೆ ಚೆಕ್ ಕೊಟ್ಟದ್ದು ಅವರ ಕಾಯಿಯಲ್ಲ. "ಕಾಕಾ, ಹಂಗಾರ ಗೆದ್ದವ್ರು ಯಾರು?" ಎಂದ ಅಣ್ಣನ ಮಗ.

ಅರ್ಧ ಗಂಟೆ ಮಾತಾಡಿದೆವು. ಅಪ್ಪನೇ ಗೆಲುವು ಬಿಟ್ಟುಕೊಟ್ಟರು. ಮಣೆಯನ್ನು ಮಗುಚಿ, ಕನ್ನಡಕ ಹಾಕಿಕೊಂಡು, ಹಾಳೆಯ ಕೆಳಗೆ ಪೆನ್ಸಿಲ್‌ನಲ್ಲಿ ಬರೆದರು: "ಸಿಕ್ಕ ರಾಜನಿಗೆ ಚೆಕ್ ಕೊಟ್ಟ ಕಾಯಿ ಯಾರದೋ ಗೆಲುವು ಅವರದು. ಇಬ್ಬರ ಕಾಯಿಯೂ ಚೆಕ್ ಕೊಟ್ಟಿದ್ದರೆ ಮಾತ್ರ ಕೊನೆಯ ನಡೆ ನೋಡಬೇಕು." ಪಕ್ಕದಲ್ಲಿ ತಾರೀಖು ಹಾಕಿದರು. ಅಣ್ಣನ ಮಗ ಕಾಯಿ ಜೋಡಿಸತೊಡಗಿದ.